ಕೆಲಸದ ಕ್ರಮವೂ ಕಾಗದದ ಪರೀಕ್ಷೆಯೂ

ನಮ್ಮ ಬೆಂಗಳೂರಿನ ತಂತ್ರಾಂಶ ಕಂಪನಿಗಳಲ್ಲಿ ನೌಕರರಿಗೆಲ್ಲ ಆಗಾಗ ಒಂದು ಪರೀಕ್ಷೆ ನಡೆಯುವುದುಂಟು. ತಂತ್ರಾಂಶವನ್ನು ನಿರ್ಮಿಸತಕ್ಕ ಕ್ರಮವನ್ನು ಅವರು ಅರಿತಿರುವರೋ ಇಲ್ಲವೋ ಎಂಬುದನ್ನು ಕಂಡುಕೊಳ್ಳುವುದು ಇದರ ಉದ್ದೇಶವೆಂದು ಹೇಳಲಾಗುತ್ತದೆ. ಒಂದೊಂದು ಪ್ರಶ್ನೆಗೂ ಕೆಳಗೆ ನಾಲ್ಕು ಉತ್ತರಗಳು. ಸರಿಯಾದುದಕ್ಕೆ ಗುರುತು ಹಾಕತಕ್ಕದ್ದು. ಗೊತ್ತುಪಡಿಸಿದಷ್ಟು ಅಂಕ ಬಂದರೆ ಉತ್ತೀರ್ಣ, ಬಾರದಿದ್ದರೆ ಮತ್ತೊಮ್ಮೆ, ಮಗುದೊಮ್ಮೆ. ಕಡೆಗೆ ಎಲ್ಲರೂ ಉತ್ತೀರ್ಣರಾಗುವರು. ಆ ಪಟ್ಟಿಯನ್ನು ಕಡತದಲ್ಲಿಟ್ಟು, ಹೊರಗಿನ ತನಿಖೆಗಾರರು ಬಂದ ದಿನ ತೆಗೆದು ತೋರಿಸಲಾಗುವುದು. ಈ ಏರ್ಪಾಟಿನಿಂದ ಯಾರಿಗೆ ಏನು ತಿಳಿಯಿತು ಎಂಬ ಪ್ರಶ್ನೆಯನ್ನು ಕೇಳಿದವರನ್ನು ನಾವು ಕಂಡಿಲ್ಲ.

ಇದು ಕಂಪನಿಗಳ ಒಳಮನೆಯ ಸಂಗತಿ, ಊರಿನವರಿಗೂ ಅಧಿಕಾರಿಗಳಿಗೂ ಇದರ ಗೊಡವೆ ಏತಕ್ಕೆ ಎಂದು ವಾಚಕರು ಕೇಳಬಹುದು. ಇಂದು ರೈತನ ಪಹಣಿ, ಮನೆಯ ನೋಂದಣಿ, ಮುದುಕಿಯ ಪಿಂಚಣಿ, ವಿದ್ಯಾರ್ಥಿಯ ವೇತನ, ಬ್ಯಾಂಕಿನ ಲೆಕ್ಕ, ರೈಲಿನ ಟಿಕೆಟ್ ಇವೆಲ್ಲವೂ ತಂತ್ರಾಂಶದ ಮೂಲಕವೇ ಬರತಕ್ಕವು. ಅದರಲ್ಲಿ ಒಂದು ಸಣ್ಣ ಬದಲಾವಣೆಯನ್ನು ಮಾಡುವಾಗ ಒಬ್ಬನು ಒಂದು ಹೆಜ್ಜೆಯನ್ನು ದಾಟಿಬಿಟ್ಟರೆ, ಮರುದಿನ ತಾಲ್ಲೂಕು ಕಚೇರಿಯ ಕಿಟಕಿಯ ಮುಂದೆ ಸಾಲು ನಿಲ್ಲುವವನು ಆ ಕಂಪನಿಯ ಹೆಸರನ್ನೂ ಕೇಳಿರದ ಮನುಷ್ಯನು. "ಸರ್ವರ್ ಇಲ್ಲ" ಎಂಬ ಮಾತು ನಮ್ಮ ಹಳ್ಳಿಗಳಲ್ಲಿಯೂ ಈಗ ಮಳೆ ಇಲ್ಲವೆಂಬ ಮಾತಿನಷ್ಟೇ ಬಳಕೆಯಾಗಿದೆ. ಆದಕಾರಣ ಈ ಕ್ರಮವನ್ನು ಬಲ್ಲವರಾರು, ಬಲ್ಲರೆಂಬುದನ್ನು ಕಂಡುಕೊಳ್ಳುವ ಬಗೆ ಯಾವುದು ಎಂಬುದು ಸಾರ್ವಜನಿಕರ ವಿಚಾರಕ್ಕೆ ತಕ್ಕ ವಿಷಯವೇ ಸರಿ.

ಕ್ರಮವೆಂದರೆ ಗಹನವಾದುದೇನೂ ಅಲ್ಲ. ಮನೆ ಕಟ್ಟಿಸಿದವರೆಲ್ಲರೂ ಇದನ್ನು ಬಲ್ಲರು. ಮೊದಲು ಬೇಕಾದುದೇನೆಂದು ಕೇಳಿ ಬರೆದುಕೊಳ್ಳುವುದು. ಅದಕ್ಕೆ ತಕ್ಕ ನಕ್ಷೆಯನ್ನು ಹಾಕುವುದು. ಅದರಂತೆ ಪ್ರೋಗ್ರಾಮನ್ನು ಬರೆಯುವುದು. ಬರೆದುದನ್ನು ಬರೆಯದ ಇನ್ನೊಬ್ಬನು ಓದಿ ನೋಡುವುದು. ಬಳಕೆಗೆ ಬಿಡುವ ಮುನ್ನ ನಾನಾ ವಿಧದಲ್ಲಿ ಟೆಸ್ಟ್ ಮಾಡುವುದು. ಬಿಟ್ಟ ಮೇಲೆ ಕಣ್ಣಿಟ್ಟು ಕಾಯುವುದು. ಕೆಟ್ಟರೆ ಹಿಂದಿನ ಸ್ಥಿತಿಗೆ ತರುವ ದಾರಿಯನ್ನು ಮೊದಲೇ ತಿಳಿದಿರುವುದು. ಹಳತಾದುದನ್ನು ಕಿತ್ತು ಹಾಕುವುದು. ಇಷ್ಟನ್ನೇ ಜೀವನಚಕ್ರವೆಂಬ ದೊಡ್ಡ ಹೆಸರಿನಿಂದ ಕರೆಯುವರು. ಇದನ್ನು ಬಾಯಿಪಾಠ ಮಾಡಲು ಒಂದು ಸಂಜೆ ಸಾಕು. ಆಚರಿಸಲು ಒಂದು ಆಯುಷ್ಯವೂ ಸಾಲದೆಂದು ಆ ವೃತ್ತಿಯ ಹಿರಿಯರು ಹೇಳುತ್ತಾರೆ.

ಈ ಪರೀಕ್ಷೆಯ ಪದ್ಧತಿ ಹುಟ್ಟಿಕೊಂಡ ಬಗೆಯನ್ನು ಸ್ವಲ್ಪ ಹೇಳಬೇಕು. ಅಮೆರಿಕೆಯ ರಕ್ಷಣಾ ಇಲಾಖೆಗೆ ತಂತ್ರಾಂಶವನ್ನು ಒದಗಿಸುವ ಗುತ್ತಿಗೆದಾರರಲ್ಲಿ ಯೋಗ್ಯರು ಯಾರೆಂದು ಅಳೆಯುವ ಸಲುವಾಗಿ, ಕಾರ್ನೆಗೀ ಮೆಲನ್ ವಿಶ್ವವಿದ್ಯಾನಿಲಯದ ಸಂಸ್ಥೆಯೊಂದರಲ್ಲಿ ವಾಟ್ಸ್ ಹಂಫ್ರೀ ಮೊದಲಾದವರು 1980ರ ದಶಕದಲ್ಲಿ ಐದು ಮೆಟ್ಟಿಲುಗಳ ಒಂದು ಅಳತೆಗೋಲನ್ನು ಸಿದ್ಧಪಡಿಸಿದರು. ಕೆಲಸವೆಲ್ಲವೂ ಒಬ್ಬಿಬ್ಬರ ಸಾಹಸದಿಂದ ನಡೆಯುತ್ತಿದ್ದರೆ ಕೆಳಗಿನ ಮೆಟ್ಟಿಲು. ಬರೆದಿಟ್ಟ ಕ್ರಮದಿಂದ ನಡೆದು, ಆ ಕ್ರಮವೂ ಅನುಭವದಿಂದ ತಿದ್ದಿಕೊಳ್ಳುತ್ತ ಹೋದರೆ ಐದನೆಯ ಮೆಟ್ಟಿಲು. ಈ ಕಡೆಯ ಮೆಟ್ಟಿಲನ್ನು ಪ್ರಪಂಚದಲ್ಲೇ ಮೊಟ್ಟಮೊದಲು ಏರಿದವರಲ್ಲಿ ನಮ್ಮ ಬೆಂಗಳೂರಿನ ಮೊಟೊರೋಲಾ ಶಾಖೆಯೂ ಒಂದೆಂಬುದನ್ನು ನೆನೆದರೆ ಸಂತೋಷವಾಗುವುದು. 1990ರ ದಶಕದ ಕೊನೆಗೆ ವಿಪ್ರೋ ಮೊದಲಾದ ದೇಶೀಯ ಕಂಪನಿಗಳೂ ಅಲ್ಲಿಗೆ ತಲುಪಿದವು. ಹೊರದೇಶದ ಗಿರಾಕಿಯು ಸಾವಿರಾರು ಮೈಲಿಯಾಚೆಯ ಅಪರಿಚಿತನನ್ನು ನಂಬಿ ಕೆಲಸವನ್ನು ಕೊಡಲು ಈ ಯೋಗ್ಯತಾಪತ್ರವು ಬಹಳ ನೆರವಾಯಿತೆಂಬುದರಲ್ಲಿ ಸಂದೇಹವಿಲ್ಲ. ಆ ಕೀರ್ತಿಯನ್ನು ಗಳಿಸಿದವರ ಶ್ರಮವನ್ನು ನಾವು ಕಡೆಗಣಿಸುವವರಲ್ಲ.

ಆದರೆ ಯೋಗ್ಯತಾಪತ್ರವನ್ನು ಕೊಡುವ ತನಿಖೆಗಾರನು ಕಾಗದವನ್ನು ಮಾತ್ರ ನೋಡಿ ಹೋಗುವುದಿಲ್ಲ. ಕೆಲಸಗಾರರನ್ನು ಕರೆದು ಮಾತನಾಡಿಸುತ್ತಾನೆ. "ನಿಮ್ಮ ಕೆಲಸದ ಕ್ರಮ ಯಾವುದು?" ಎಂದು ಅವನು ಕೇಳಿದಾಗ ಹುಡುಗನು ಬೆಪ್ಪಾಗಿ ನಿಂತರೆ ಕಂಪನಿಗೆ ಅವಮಾನ. ಅದಕ್ಕಾಗಿ ಮೊದಲೇ ಉತ್ತರಗಳನ್ನು ಕಲಿಸುವ ರೂಢಿ ಬಂತು. ಕಲಿತುದಕ್ಕೆ ಸಾಕ್ಷಿಯಾಗಿ ಪರೀಕ್ಷೆ ಬಂತು. ಕಾಲಕ್ರಮದಲ್ಲಿ ಪರೀಕ್ಷೆಯೇ ಉಳಿದು, ಅದು ಯಾವುದಕ್ಕೆ ಸಾಕ್ಷಿಯಾಗಿತ್ತೋ ಅದು ಮರೆತುಹೋಯಿತು. ಗಿಳಿಗೆ ಮಾತು ಕಲಿಸಿದವರು ಗಿಳಿಯ ಜ್ಞಾನವನ್ನು ಮೆಚ್ಚಿಕೊಂಡ ಹಾಗಾಯಿತು.

ಈ ಪ್ರಶ್ನಪತ್ರಿಕೆಗಳಲ್ಲಿ ಸಾಮಾನ್ಯವಾಗಿ ಕಾಣಬರುವ ಒಂದು ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ಒಂದು ಘಟ್ಟ ಪೂರ್ತಿ ಮುಗಿದ ಮೇಲೆಯೇ ಮುಂದಿನದಕ್ಕೆ ಇಳಿಯತಕ್ಕ "ಜಲಪಾತ" ಪದ್ಧತಿಯನ್ನು ಪ್ರತಿಪಾದಿಸಿದವರು ಯಾರು? ವಿನ್ಸ್ಟನ್ ರಾಯ್ಸ್ ಎಂದು ಗುರುತು ಹಾಕಿದವನಿಗೆ ಅಂಕ ದೊರೆಯುವುದು. ಆದರೆ 1970ರಲ್ಲಿ ಪ್ರಕಟವಾದ ರಾಯ್ಸನ ಲೇಖನವನ್ನು ತೆರೆದು ನೋಡಿದವರಿಗೆ ಬೇರೆಯೇ ಸಂಗತಿ ಕಾಣುವುದು. ಅವನು ಆ ಮೆಟ್ಟಿಲುಗಳ ಚಿತ್ರವನ್ನು ಬರೆದುದು ನಿಜ. ಬರೆದ ಕೂಡಲೇ, ಹೀಗೆಯೇ ನಡೆದರೆ ಅಪಾಯವಿದೆ, ಸೋಲಿಗೆ ಆಹ್ವಾನವಿತ್ತಂತೆ ಎಂಬ ಅರ್ಥದಲ್ಲಿ ಎಚ್ಚರಿಸಿ, ಹಿಂದಿನ ಘಟ್ಟಗಳಿಗೆ ಮರಳಬೇಕಾಗುವುದನ್ನೂ, ಹೊಸ ಕೆಲಸವನ್ನು ಎರಡು ಸಲ ಮಾಡಿ ನೋಡಬೇಕಾಗುವುದನ್ನೂ ವಿವರಿಸಿದನು. "ಜಲಪಾತ"ವೆಂಬ ಶಬ್ದವೇ ಆ ಲೇಖನದಲ್ಲಿ ಇಲ್ಲ. ಹೀಗಿರುವಲ್ಲಿ ಪ್ರಶ್ನೆಯನ್ನು ಬರೆದವನೂ ಉತ್ತರವನ್ನು ಗುರುತಿಸಿದವನೂ ಮೂಲವನ್ನು ಓದಿದವರಲ್ಲ. ತಪ್ಪಿಗೆ ಪೂರ್ಣಾಂಕ ದೊರೆಯಿತು! 2001ರಲ್ಲಿ ಅಮೆರಿಕೆಯ ಯೂಟಾ ಪ್ರಾಂತದ ಒಂದು ಬೆಟ್ಟದ ತಾಣದಲ್ಲಿ ಹದಿನೇಳು ಜನರು ಸೇರಿ, ಕಾಗದದ ಭಾರ ಸಾಕು, ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಮಾಡಿ ತೋರಿಸೋಣವೆಂದು ಘೋಷಿಸಿದರು. ಆ ಬಳಿಕ ಪ್ರಶ್ನೆಗಳಲ್ಲಿ ಹೆಸರುಗಳು ಬದಲಾದವು. ಪರೀಕ್ಷೆಯ ಸ್ವರೂಪ ಮಾತ್ರ ಬದಲಾಗಲಿಲ್ಲ.

ಹೆಸರನ್ನು ಬಲ್ಲುದಕ್ಕೂ ಕೆಲಸವನ್ನು ಬಲ್ಲುದಕ್ಕೂ ಇರುವ ಅಂತರವೆಷ್ಟೆಂಬುದಕ್ಕೆ ನಮಗೆ ತಿಳಿದ ಮಟ್ಟಿಗೆ ಅಮೆರಿಕೆಯ ನೈಟ್ ಕ್ಯಾಪಿಟಲ್ ಎಂಬ ಷೇರು ವ್ಯಾಪಾರದ ಕಂಪನಿಯ ವೃತ್ತಾಂತಕ್ಕಿಂತ ಉತ್ತಮವಾದ ದೃಷ್ಟಾಂತವಿಲ್ಲ. ಅಲ್ಲಿಯ ಷೇರುಪೇಟೆಯ ನಿಯಂತ್ರಣ ಮಂಡಲಿಯು ವಿಚಾರಣೆ ನಡೆಸಿ 2013ರ ಅಕ್ಟೋಬರದಲ್ಲಿ ಹೊರಡಿಸಿದ ಆಜ್ಞೆಯಲ್ಲಿ ಎಲ್ಲವೂ ದಾಖಲಾಗಿದೆ.

2012ರ ಆಗಸ್ಟ್ 1ರಿಂದ ನ್ಯೂಯಾರ್ಕ್ ಷೇರುಪೇಟೆಯಲ್ಲಿ ಒಂದು ಹೊಸ ವ್ಯವಸ್ಥೆ ಆರಂಭವಾಗತಕ್ಕದ್ದಿತ್ತು. ಅದಕ್ಕೆ ತಕ್ಕಂತೆ ಈ ಕಂಪನಿಯು ತನ್ನ ಪ್ರೋಗ್ರಾಮನ್ನು ಬದಲಿಸಿ, ಎಂಟು ಸರ್ವರ್‌ಗಳ ಮೇಲೆ ಇರಿಸಬೇಕಾಗಿತ್ತು. ಹಾಗೆ ಇರಿಸುವಾಗ ಒಬ್ಬ ತಂತ್ರಜ್ಞನು ಏಳರ ಮೇಲೆ ಇರಿಸಿ ಎಂಟನೆಯದನ್ನು ಬಿಟ್ಟುಬಿಟ್ಟನು. ಇನ್ನೊಬ್ಬನು ಅದನ್ನು ಸರಿನೋಡಲಿಲ್ಲ. ಸರಿನೋಡಬೇಕೆಂಬ ಲಿಖಿತ ನಿಯಮವೂ ಇರಲಿಲ್ಲ. ಆ ಎಂಟನೆಯ ಸರ್ವರಿನಲ್ಲಿ 2003ರಲ್ಲಿಯೇ ಬಳಕೆಯಿಂದ ಬಿಟ್ಟ ಹಳೆಯ ಕೋಡ್ ಒಂದು ಉಳಿದಿತ್ತು. 2005ರಲ್ಲಿ ಅದಕ್ಕೆ ಸಂಬಂಧಿಸಿದ ಒಂದು ಭಾಗವನ್ನು ಬೇರೆಡೆಗೆ ಸರಿಸಿದಾಗ, ಆ ಹಳೆಯ ಕೋಡ್ ಈಗಲೂ ನೆಟ್ಟಗೆ ನಡೆಯುವುದೋ ಎಂದು ಯಾರೂ ಟೆಸ್ಟ್ ಮಾಡಿರಲಿಲ್ಲ. ಬಳಸದ ವಸ್ತುವಿನ ಚಿಂತೆ ಯಾರಿಗೆ? ಹೊಸ ಪ್ರೋಗ್ರಾಮು ತನ್ನ ಸಂಜ್ಞೆಯೆಂದು ಆರಿಸಿಕೊಂಡುದು ಒಂದು ಕಾಲಕ್ಕೆ ಆ ಹಳೆಯ ಕೋಡನ್ನು ಎಬ್ಬಿಸುತ್ತಿದ್ದ ಸಂಜ್ಞೆಯನ್ನೇ.

ಆಗಸ್ಟ್ 1ರ ಬೆಳಿಗ್ಗೆ ಪೇಟೆ ತೆರೆದೊಡನೆ, ಒಂಬತ್ತು ವರ್ಷ ಮಲಗಿದ್ದುದು ಎದ್ದು ಕುಳಿತಿತು. ಗಿರಾಕಿಗಳು ಕೊಟ್ಟಿದ್ದ ಕೇವಲ 212 ಸಣ್ಣ ಬೇಡಿಕೆಗಳಿಗಾಗಿ ಅದು ಲಕ್ಷಗಟ್ಟಲೆ ಆಜ್ಞೆಗಳನ್ನು ಪೇಟೆಗೆ ಕಳುಹಿಸಿತು. ಸುಮಾರು 45 ನಿಮಿಷಗಳಲ್ಲಿ 154 ಕಂಪನಿಗಳ 39 ಕೋಟಿ 70 ಲಕ್ಷಕ್ಕೂ ಮಿಕ್ಕಿದ ಷೇರುಗಳು 40 ಲಕ್ಷ ವ್ಯವಹಾರಗಳಲ್ಲಿ ಕೈ ಬದಲಿಸಿದವು. ನಷ್ಟ 46 ಕೋಟಿ ಡಾಲರುಗಳನ್ನು ಮೀರಿತು. ಪೇಟೆ ತೆರೆಯುವ ಮೊದಲೇ ದೋಷವನ್ನು ಸೂಚಿಸುವ 97 ಈಮೇಲುಗಳು ಕಂಪನಿಯ ನೌಕರರಿಗೆ ತಾವಾಗಿಯೇ ಹೋಗಿದ್ದವು. ಅವುಗಳನ್ನು ಎಚ್ಚರಿಕೆಯೆಂದು ಪರಿಗಣಿಸುವ ರೂಢಿ ಅಲ್ಲಿರಲಿಲ್ಲವಾಗಿ ಯಾರೂ ಲಕ್ಷ್ಯ ಕೊಡಲಿಲ್ಲ. ಅದಕ್ಕಿಂತಲೂ ಖೇದಕರವಾದುದು ಮುಂದಿದೆ. ಗಾಬರಿಗೊಂಡ ಸಿಬ್ಬಂದಿಯು ಹೊಸ ಪ್ರೋಗ್ರಾಮೇ ಕೆಟ್ಟುದೆಂದು ಬಗೆದು, ಅದು ಸರಿಯಾಗಿದ್ದ ಏಳು ಸರ್ವರ್‌ಗಳಿಂದಲೂ ಅದನ್ನು ಕಿತ್ತುಹಾಕಿತು. ಅಲ್ಲಿಯೂ ಹಳೆಯ ಕೋಡ್ ಎಚ್ಚರಗೊಂಡು, ಒಂದು ಕಡೆಯ ಬೆಂಕಿ ಎಂಟು ಕಡೆಗೆ ಹಬ್ಬಿತು. ಮಂಡಲಿಯು ವಿಧಿಸಿದ ದಂಡ 1 ಕೋಟಿ 20 ಲಕ್ಷ ಡಾಲರು. ಮರುವರ್ಷ ಆ ಕಂಪನಿ ಇನ್ನೊಂದು ಕಂಪನಿಯೊಡನೆ ಸೇರಿಹೋಗಿ, ತನ್ನ ಸ್ವತಂತ್ರ ಅಸ್ತಿತ್ವವನ್ನು ಕಳೆದುಕೊಂಡಿತು.

ಈಗ ವಾಚಕರು ಯೋಚಿಸಿ ನೋಡಲಿ. ಜುಲೈ ತಿಂಗಳಿನಲ್ಲಿ ಆ ಸಿಬ್ಬಂದಿಗೆ ನಮ್ಮ ನಾಲ್ಕು ಉತ್ತರಗಳ ಪರೀಕ್ಷೆಯನ್ನು ಕೊಟ್ಟಿದ್ದರೆ ಏನಾಗುತ್ತಿತ್ತು? "ಟೆಸ್ಟಿಂಗ್ ಆದ ನಂತರದ ಘಟ್ಟ ಯಾವುದು?" ಬಳಕೆಗೆ ಬಿಡುವುದು. ಸರಿ, ಒಂದು ಅಂಕ. "ಬಳಕೆಯಿಂದ ಬಿಟ್ಟ ಕೋಡನ್ನು ಏನು ಮಾಡತಕ್ಕದ್ದು?" ತೆಗೆದುಹಾಕತಕ್ಕದ್ದು. ಇನ್ನೊಂದು ಅಂಕ. ನಮ್ಮ ಅಂದಾಜಿನಲ್ಲಿ ಬಹುಮಂದಿ ನೂರಕ್ಕೆ ತೊಂಬತ್ತನ್ನು ಪಡೆದು ಮನೆಗೆ ಹೋಗುತ್ತಿದ್ದರು. ಆದರೆ ಅದೇ ತಂತ್ರಜ್ಞನ ಪಕ್ಕದಲ್ಲಿ ಕುಳಿತು, "ಅಯ್ಯಾ, ಎಂಟು ಸರ್ವರ್‌ಗಳ ಮೇಲೂ ಹೊಸದು ಬಂತೆಂದು ನಿನಗೆ ಹೇಗೆ ಗೊತ್ತು? ತೋರಿಸು" ಎಂದು ಯಾರಾದರೂ ಕೇಳಿದ್ದರೆ? "ಬೆಳಿಗ್ಗೆ ಇಂಥ ಈಮೇಲು ಬಂದರೆ ಯಾರಿಗೆ ಹೇಳುವೆ?" ಎಂದಿದ್ದರೆ? "ಹಿಂದಕ್ಕೆ ಪಡೆಯಬೇಕಾಗಿ ಬಂದರೆ, ಹಿಂದೆ ಇದ್ದುದು ಏನೆಂದು ಬಲ್ಲೆಯಾ?" ಎಂದಿದ್ದರೆ? ಈ ಮೂರು ಪ್ರಶ್ನೆಗಳಿಗೆ ಅರ್ಧ ಗಂಟೆ ಸಾಲುತ್ತಿತ್ತು. ಅಷ್ಟೇ ಅಲ್ಲ, ಅವನು ಉತ್ತರಿಸಲಾರದೆ ಹೋದಾಗ, ತಪ್ಪು ಅವನದಲ್ಲ, ನಿಯಮವೇ ಇಲ್ಲವೆಂಬುದು ಮೇಲಿನವರಿಗೆ ಗೋಚರವಾಗುತ್ತಿತ್ತು.

ನಾವು ಒತ್ತಿ ಹೇಳಬೇಕೆಂದಿರುವುದು ಈ ಸಂಗತಿಯನ್ನೇ. ನೌಕರನ ತಿಳಿವಳಿಕೆಯನ್ನು ಪರೀಕ್ಷಿಸುವಾಗ ಕ್ರಮವೂ ಪರೀಕ್ಷೆಗೆ ಒಳಗಾಗಬೇಕು. ಹತ್ತು ಮಂದಿಯಲ್ಲಿ ಒಬ್ಬನು ತಪ್ಪಿದರೆ ಅವನಿಗೆ ಹೇಳಿಕೊಡಬಹುದು. ಎಂಟು ಮಂದಿ ಒಂದೇ ಪ್ರಶ್ನೆಯಲ್ಲಿ ತಪ್ಪಿದರೆ, ಬರೆದಿಟ್ಟ ಕ್ರಮಕ್ಕೂ ನಡೆಯುವ ಕೆಲಸಕ್ಕೂ ಸಂಬಂಧವಿಲ್ಲವೆಂದು ತಿಳಿದು ಕ್ರಮವನ್ನು ತಿದ್ದಬೇಕಾಗುವುದು. ಇಂದಿನ ಪರೀಕ್ಷೆಯಲ್ಲಿ ಇದಕ್ಕೆ ಅವಕಾಶವೇ ಇಲ್ಲ. ಪುಸ್ತಕವು ಸರಿ, ಮನುಷ್ಯನೇ ತಪ್ಪು ಎಂಬ ಭಾವನೆಯಿಂದಲೇ ಅದು ಹೊರಡುತ್ತದೆ.

ರೈಲ್ವೆಯವರನ್ನು ನೋಡಿರಿ. ಸ್ಟೇಷನ್ ಮಾಸ್ತರನು ತನ್ನ ಠಾಣೆಯ ಕಾರ್ಯನಿಯಮಗಳನ್ನು ಓದಿ ತಿಳಿದಿರುವೆನೆಂದು ಪುಸ್ತಕದಲ್ಲಿ ಸಹಿ ಮಾಡತಕ್ಕದ್ದು. ನಿಯತಕಾಲಕ್ಕೆ ತರಬೇತಿಗೂ ಹೋಗತಕ್ಕದ್ದು. ಆದರೆ ಸಹಿಯನ್ನು ನಂಬಿ ಅವರು ಕೈ ಕಟ್ಟಿ ಕೂರುವುದಿಲ್ಲ. ಇನ್‌ಸ್ಪೆಕ್ಟರನು ಹೇಳದೆ ಕೇಳದೆ ರಾತ್ರಿಯ ಹೊತ್ತು ಬಂದು, ಸಿಗ್ನಲ್ ಕೆಟ್ಟಿದೆಯೆಂದು ತಿಳಿ, ಈಗ ಬರುವ ಗಾಡಿಯನ್ನು ಹೇಗೆ ಒಳಗೆ ತೆಗೆದುಕೊಳ್ಳುವೆ ಎಂದು ಅಲ್ಲಿಯೇ ಕೇಳುವನು. ಅಪಘಾತಗಳು ಅಲ್ಲಿಯೂ ಆಗುತ್ತವೆ, ಒಪ್ಪಿದೆವು; ಆದರೂ ಒಂದೂವರೆ ಶತಮಾನದ ಅನುಭವವುಳ್ಳ ಆ ಇಲಾಖೆಯು ಬಾಯಿಪಾಠದಿಂದ ಗಾಡಿ ಓಡದೆಂಬುದನ್ನು ಕಂಡುಕೊಂಡಿದೆ. ತಂತ್ರಾಂಶದವರಲ್ಲಿಯೂ ಇದನ್ನು ಅರಿತವರು ಇಲ್ಲದಿಲ್ಲ. ಗೂಗಲ್ ಸಂಸ್ಥೆಯಲ್ಲಿ ಹಿಂದೆ ನಡೆದ ಅವಘಡವೊಂದನ್ನು ಎತ್ತಿಕೊಂಡು, "ಈಗ ಇದು ನಿನ್ನ ಪಾಳಿಯಲ್ಲಿ ನಡೆದಿದೆ, ಮೊದಲು ಏನು ನೋಡುವೆ?" ಎಂದು ಒಬ್ಬನನ್ನು ಎಲ್ಲರ ಮುಂದೆ ಕೇಳುತ್ತ ಆಟದಂತೆ ಆಡಿಸುವ ಪದ್ಧತಿಯಿದೆಯೆಂದು ಅವರೇ 2016ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬರೆದಿದ್ದಾರೆ.

ಸಾವಿರಾರು ನೌಕರರಿರುವಲ್ಲಿ ಹೀಗೆ ಒಬ್ಬೊಬ್ಬರನ್ನೂ ಕೇಳುತ್ತ ಕೂರಲು ಸಾಧ್ಯವೇ ಎಂದು ಕಂಪನಿಗಳವರು ಹೇಳುವರು. ಈ ಆಕ್ಷೇಪವನ್ನು ತಳ್ಳಿಹಾಕಲಾಗದು. ನಾಲ್ಕು ಉತ್ತರಗಳ ಪರೀಕ್ಷೆಗೆ ಖರ್ಚು ಕಡಿಮೆ. ಹೊಸದಾಗಿ ಸೇರಿದ ಹುಡುಗನಿಗೆ ಶಬ್ದಗಳ ಪರಿಚಯವಾದರೂ ಆಗುವುದು. ಆ ಮಟ್ಟಿಗೆ ಅದು ಇರಲಿ. ಆದರೆ ಎಲ್ಲರನ್ನೂ ಹುಸಿಯಾಗಿ ಪರೀಕ್ಷಿಸುವುದಕ್ಕಿಂತ ಕೆಲವರನ್ನು ನಿಜವಾಗಿ ಪರೀಕ್ಷಿಸುವುದು ಲೇಸು. ಕಳೆದ ತಿಂಗಳು ಬಳಕೆಗೆ ಬಿಟ್ಟ ಬದಲಾವಣೆಗಳಲ್ಲಿ ಒಂದನ್ನು ಚೀಟಿ ಎತ್ತಿ ಆರಿಸಿ, ಅದನ್ನು ಮಾಡಿದವನನ್ನೇ ಅದರ ಜಾಡು ತೋರಿಸಲು ಕೇಳಲಿ: ಯಾರು ಕೇಳಿದ್ದರು, ಯಾರು ಓದಿ ನೋಡಿದರು, ಯಾವ ಟೆಸ್ಟ್ ನಡೆಯಿತು, ಒಪ್ಪಿಗೆ ಕೊಟ್ಟವರಾರು, ಕೆಟ್ಟಿದ್ದರೆ ಏನು ಮಾಡುತ್ತಿದ್ದ. "ಅದು ನನಗೆ ಗೊತ್ತಿಲ್ಲ, ಆದರೆ ಇಂಥ ಕಡೆ ನೋಡುವೆನು, ಇಂಥವರನ್ನು ಕೇಳುವೆನು" ಎಂದರೆ ಅದನ್ನೂ ಸರಿಯಾದ ಉತ್ತರವೆಂದು ಎಣಿಸಬೇಕು. ಎಲ್ಲವನ್ನೂ ತಲೆಯಲ್ಲಿ ಹೊತ್ತವನಿಗಿಂತ, ತನಗೆ ತಿಳಿಯದುದನ್ನು ಬಲ್ಲವನೇ ಹೆಚ್ಚು ನಂಬುಗೆಗೆ ಅರ್ಹನು.

ಇಲ್ಲಿ ಅಂಜಿಕೆಯ ಪ್ರಶ್ನೆಯೂ ಏಳುವುದು. ನಾವು ಬಲ್ಲ ಒಬ್ಬ ತರುಣನ ಕಂಪನಿಯಲ್ಲಿ ಪರೀಕ್ಷೆಯ ಅಂಕವನ್ನು ವರ್ಷದ ಬಡ್ತಿಯ ಲೆಕ್ಕಕ್ಕೆ ಸೇರಿಸಿದರು. ವಾರದೊಳಗೆ ಉತ್ತರಗಳ ಪಟ್ಟಿ ಮೊಬೈಲಿನಿಂದ ಮೊಬೈಲಿಗೆ ಸಂಚರಿಸಿತು. ಅದರಲ್ಲಿ ಏಳನೆಯ ಉತ್ತರ ತಪ್ಪಿತ್ತಾಗಿ, ಇಡೀ ವಿಭಾಗವೇ ಏಳನೆಯದನ್ನು ತಪ್ಪಿತು. ಮೇಲಧಿಕಾರಿಗಳು ಆ ವಿಷಯದಲ್ಲಿ ಒಂದು ವಿಶೇಷ ತರಗತಿಯನ್ನು ಏರ್ಪಡಿಸಿದರಂತೆ! ಹುಡುಗರ ನೈತಿಕತೆಯ ಮೇಲೆ ನಾವು ಪ್ರವಚನ ಮಾಡಬಯಸುವುದಿಲ್ಲ. ಅಜ್ಞಾನವನ್ನು ಒಪ್ಪಿಕೊಂಡವನಿಗೆ ಸಂಬಳ ಕಡಿಮೆಯಾಗುವಲ್ಲಿ ಯಾವನೂ ಒಪ್ಪಿಕೊಳ್ಳಲಾರನು. ಒಪ್ಪಿಕೊಳ್ಳದ ಅಜ್ಞಾನವು ಒಂದು ದಿನ ಎಂಟನೆಯ ಸರ್ವರಿನಂತೆ ಎಚ್ಚರಗೊಳ್ಳುವುದು.

ಇನ್ನೊಂದು ಮಾತು. ಈ ಪರೀಕ್ಷೆಗೆ ಕುಳಿತುಕೊಳ್ಳುವವರು ಯಾವಾಗಲೂ ಕೆಳಗಿನವರೇ ಏತಕ್ಕೆ? ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕು 2018ರ ಏಪ್ರಿಲಿನಲ್ಲಿ ತನ್ನ ಸುಮಾರು 52 ಲಕ್ಷ ಗಿರಾಕಿಗಳ ಲೆಕ್ಕಗಳನ್ನು ಹೊಸ ತಂತ್ರಾಂಶಕ್ಕೆ ಒಂದೇ ವಾರಾಂತ್ಯದಲ್ಲಿ ಸಾಗಿಸಿತು. ಲೆಕ್ಕಗಳು ಸಾಗಿದವು, ಗಿರಾಕಿಗಳಿಗೆ ಮಾತ್ರ ಬಾಗಿಲು ತೆರೆಯಲಿಲ್ಲ. ಸೇವೆ ಪೂರ್ತಿಯಾಗಿ ಮೊದಲಿನಂತಾಗಲು ಆ ವರ್ಷದ ಡಿಸೆಂಬರ್ ಬಂತು. ನಿಯಂತ್ರಕರು 2022ರಲ್ಲಿ ಬ್ಯಾಂಕಿಗೆ 4 ಕೋಟಿ 86 ಲಕ್ಷ ಪೌಂಡುಗಳಿಗೂ ಮಿಕ್ಕಿದ ದಂಡವನ್ನು ವಿಧಿಸಿದರು. ಅಲ್ಲಿಗೆ ನಿಲ್ಲದೆ, 2023ರಲ್ಲಿ ಬ್ಯಾಂಕಿನ ಮಾಹಿತಿ ವಿಭಾಗದ ಮುಖ್ಯಾಧಿಕಾರಿಯಾಗಿದ್ದವರಿಗೇ 81,620 ಪೌಂಡು ದಂಡ ಹಾಕಿದರು. ತಂತ್ರಾಂಶವನ್ನು ಒದಗಿಸಿದ ಸಂಸ್ಥೆಯು "ಸಿದ್ಧವಾಗಿದೆ" ಎಂದು ಕೊಟ್ಟ ಭರವಸೆಯನ್ನು ತಕ್ಕಮಟ್ಟಿಗೆ ಪರಿಶೀಲಿಸದೆ ನಂಬಿದುದು ಅವರ ಮೇಲಿನ ಆಕ್ಷೇಪಣೆಯಲ್ಲಿ ಮುಖ್ಯವಾದುದು. ಕ್ರಮದ ಕಡೆಯ ಮೆಟ್ಟಿಲಿನಲ್ಲಿ ನಿಂತು "ಆಗಲಿ" ಎಂದು ಸಹಿ ಮಾಡುವವನಿಗೆ, ಆ ಸಹಿಯ ಅರ್ಥ ತಿಳಿದಿದೆಯೇ ಎಂದು ಮೊದಲೇ ಕೇಳಿದ್ದರೆ ಅವನಿಗೂ ಬ್ಯಾಂಕಿಗೂ ಉಪಕಾರವಾಗುತ್ತಿತ್ತು.

ಈ ಮಾತು ನಮ್ಮ ಸರಕಾರಿ ಕಚೇರಿಗಳಿಗೆ ನೇರವಾಗಿ ಸಲ್ಲುವುದು. ತಂತ್ರಾಂಶದ ಕ್ರಮದಲ್ಲಿ ಮೊದಲ ಹೆಜ್ಜೆಯೂ ಕಡೆಯ ಹೆಜ್ಜೆಯೂ ಕಂಪನಿಯವರವಲ್ಲ, ತಂತ್ರಾಂಶವನ್ನು ಮಾಡಿಸಿಕೊಳ್ಳುವವರವು. ಏನು ಬೇಕೆಂದು ಹೇಳತಕ್ಕವರು ಅವರು. ಬಂದುದು ಕೇಳಿದಂತೆಯೇ ಇದೆಯೆಂದು ನಡೆಸಿ ನೋಡಿ ಒಪ್ಪತಕ್ಕವರೂ ಅವರೇ. ಇಲಾಖೆಗಳಲ್ಲಿ ಈ ಎರಡು ಸಹಿಗಳನ್ನು ಹೇಗೆ ಹಾಕಲಾಗುತ್ತದೆಂಬುದನ್ನು ಅಧಿಕಾರಿಗಳಾದ ನಮ್ಮ ವಾಚಕರು ತಮ್ಮ ಮನಸ್ಸಿನಲ್ಲಿಯೇ ನೆನೆದುಕೊಳ್ಳಲಿ. ಇನ್ನೂರು ಪುಟದ ಇಂಗ್ಲಿಷ್ ಬೇಡಿಕೆಪಟ್ಟಿ ಮೇಜಿಗೆ ಬರುವುದು. ಆರ್ಥಿಕ ವರ್ಷ ಮುಗಿಯಲು ಹತ್ತು ದಿನಗಳಿರುವುವು. ಕೊನೆಯ ಪುಟದಲ್ಲಿ ಸಹಿ ಬೀಳುವುದು. ಒಪ್ಪಿಗೆಯ ದಿನ ಕಂಪನಿಯ ಹುಡುಗನು ತನ್ನ ಗಣಕದಲ್ಲಿ ತಾನೇ ಒತ್ತಿ ತೋರಿಸುವನು. ನೋಡಲು ಚೆನ್ನಾಗಿಯೇ ಇರುವುದು. ಮುಂದೆ ಅದನ್ನು ದಿನವಿಡೀ ಬಳಸತಕ್ಕ ಗ್ರಾಮ ಆಡಳಿತಾಧಿಕಾರಿಯಾಗಲಿ ಉಪನೋಂದಣಿ ಕಚೇರಿಯ ಗುಮಾಸ್ತೆಯಾಗಲಿ ಆ ಕೊಠಡಿಯಲ್ಲಿರುವುದು ಅಪೂರ್ವ. ಇಬ್ಬರು ಸಹೋದರರ ಜಂಟಿ ಖಾತೆಯಲ್ಲಿ ಒಬ್ಬನು ತೀರಿಕೊಂಡಿದ್ದರೆ ಏನಾಗುವುದು, ಹೆಸರಿನ ಕಾಗುಣಿತವು ಪಹಣಿಯಲ್ಲೊಂದು ಆಧಾರಿನಲ್ಲೊಂದು ಇದ್ದರೆ ಏನಾಗುವುದು ಎಂಬುದನ್ನು ಕೇಳಬಲ್ಲವನು ಅವನೊಬ್ಬನೇ. 2000ದ ಆಸುಪಾಸಿನಲ್ಲಿ "ಭೂಮಿ" ಯೋಜನೆಯಲ್ಲಿ ನಾಡಿನ ಪಹಣಿಗಳನ್ನು ಗಣಕಕ್ಕೆ ಏರಿಸಿ ದೇಶಕ್ಕೆಲ್ಲ ಮೇಲ್ಪಂಕ್ತಿಯನ್ನು ಹಾಕಿಕೊಟ್ಟ ಸರಕಾರಕ್ಕೆ ಇದನ್ನು ಹೊಸದಾಗಿ ಹೇಳಬೇಕಾಗಿ ಬಂದುದು ಚೋದ್ಯವೇ.

ಭಾಷೆಯ ವಿಷಯವನ್ನೂ ಬಿಡುವಂತಿಲ್ಲ. ಕ್ರಮದ ಪುಸ್ತಕವೂ ಪ್ರಶ್ನೆಗಳೂ ಇಂಗ್ಲಿಷಿನಲ್ಲಿರುವುದರಿಂದ, ಹಾವೇರಿಯಿಂದಲೋ ಸಿಂಧನೂರಿನಿಂದಲೋ ಬಂದ ಚುರುಕು ಬುದ್ಧಿಯ ಹುಡುಗಿಯೊಬ್ಬಳು "ಪ್ರಮಾಣೀಕರಣ"ಕ್ಕೂ "ದೃಢೀಕರಣ"ಕ್ಕೂ ಇಂಗ್ಲಿಷಿನಲ್ಲಿರುವ ಶಬ್ದಭೇದದಲ್ಲಿ ಎಡವಿ ಅಂಕ ಕಳೆದುಕೊಳ್ಳುವಳು. ಅದೇ ಹುಡುಗಿಯನ್ನು, ನಿನ್ನ ಮಾತಿನಲ್ಲಿ ಹೇಳಮ್ಮ, ಇದನ್ನು ಬಳಕೆಗೆ ಬಿಡುವ ಮೊದಲು ಏನೇನು ನೋಡಿದೆ ಎಂದು ಕೇಳಿದರೆ ಬೆರಳು ಮಡಿಚಿ ಎಣಿಸುತ್ತ ಎಲ್ಲವನ್ನೂ ಹೇಳುವಳು. ಸರಕಾರದ ಕೆಲಸವನ್ನು ಮಾಡುವ ಕಂಪನಿಗಳಲ್ಲಿಯಾದರೂ ಈ ವಿಚಾರಣೆಯನ್ನು ಕನ್ನಡದಲ್ಲಿ ನಡೆಸಲು ಯಾವ ಅಡ್ಡಿಯಿದೆಯೋ ನಮಗೆ ಕಾಣದು.

ಇಲಾಖೆಗಳು ತಂತ್ರಾಂಶಕ್ಕೆ ಟೆಂಡರು ಕರೆಯುವಾಗ ಕಂಪನಿಯು ಎಷ್ಟನೆಯ ಮೆಟ್ಟಿಲಿನಲ್ಲಿದೆಯೆಂಬ ಪ್ರಮಾಣಪತ್ರದ ನಕಲನ್ನು ಕೇಳುವ ರೂಢಿಯಿದೆ. ಅದು ಇರಲಿ. ಅದರ ಜೊತೆಗೆ ಒಂದು ಷರತ್ತನ್ನು ಸೇರಿಸಬೇಕೆಂದು ನಾವು ಸೂಚಿಸುತ್ತೇವೆ: ಮೂರು ತಿಂಗಳಿಗೊಮ್ಮೆ ಇಲಾಖೆಯ ಒಬ್ಬ ಅಧಿಕಾರಿಯೂ ತಂತ್ರಾಂಶವನ್ನು ಬಳಸುವ ಒಬ್ಬ ಗುಮಾಸ್ತೆಯೂ ಕಂಪನಿಯ ಕೆಲಸದ ಕೊಠಡಿಗೆ ಹೋಗಿ, ಆ ಅವಧಿಯಲ್ಲಿ ಬಿಟ್ಟ ಒಂದು ಬದಲಾವಣೆಯನ್ನು ತಾವೇ ಆರಿಸಿ, ಮಾಡಿದವನ ಪಕ್ಕದಲ್ಲಿ ಕುಳಿತು ಅದರ ಜಾಡನ್ನು ಕೇಳಿ ಬರೆದುಕೊಂಡು ಬರತಕ್ಕದ್ದು. ಅದೇ ಹೊತ್ತಿಗೆ ಕಂಪನಿಯವನೊಬ್ಬನು ತಾಲ್ಲೂಕು ಕಚೇರಿಯ ಕಿಟಕಿಯ ಹಿಂದೆ ಒಂದು ದಿನ ಕುಳಿತು ಬರಲಿ. ಸೋಮವಾರವಾದರೆ ಒಳ್ಳೆಯದು, ಅಂದು ಸಾಲು ಉದ್ದವಿರುತ್ತದೆ.